ಬೂದಿ ಮುಚ್ಚಿದ ಕೆಂಡವನ್ನು ಎಲ್ಲಿಡುವುದು?

ಎರಡು ವಾರದ ಹಿಂದೆ ಈ ಪುಟದಲ್ಲಿ ಕೈಗಾದ ಅಣು ವಿದ್ಯುತ್ ಸ್ಥಾವರದ ಬಗ್ಗೆ ನಾಲ್ಕು ಮಾತು ಬರೆದಿದ್ದೆ. ಅದನ್ನು ಓದಿ ಕಾರವಾರದಿಂದ ಏಳನೇ ತರಗತಿಯ ಹುಡುಗಿಯೊಬ್ಬಳು ಅಂಚೆ ಕಾರ್ಡು ಹಾಕಿದ್ದಾಳೆ. ಇರುವುದು ಎರಡೇ ಸಾಲು. "ಅಜ್ಜಾ, ಸೌದೆ ಒಲೆ ಉರಿಸಿದರೆ ಬೂದಿ ಉಳಿಯುತ್ತದೆ. ಯುರೇನಿಯಂ ಒಲೆ ಉರಿಸಿದರೆ ಏನು ಉಳಿಯುತ್ತದೆ, ಅದನ್ನು ಎಲ್ಲಿ ಚೆಲ್ಲುತ್ತಾರೆ?"

ಮಗೂ, ಅದನ್ನು ಚೆಲ್ಲುವುದಿಲ್ಲ. ಚೆಲ್ಲುವ ಹಾಗೂ ಇಲ್ಲ. ಇಟ್ಟುಕೊಂಡು ಕಾಯಬೇಕು. ಎಲ್ಲಿ ಇಟ್ಟುಕೊಳ್ಳಬೇಕು, ಹೇಗೆ ಇಟ್ಟರೆ ಅಪಾಯ ಕಡಿಮೆ ಅನ್ನುವುದರ ಮೇಲೆ ದೊಡ್ಡ ದೊಡ್ಡ ದೇಶಗಳು ನಲವತ್ತು ವರ್ಷದಿಂದ ತಲೆ ಕೆಡಿಸಿಕೊಂಡಿವೆ. ನಾನು ಓದಿದ್ದು ಬಿ.ಕಾಂ., ದುಡಿದದ್ದು ಬ್ಯಾಂಕಿನ ಕೌಂಟರಿನಲ್ಲಿ. ಭೌತಶಾಸ್ತ್ರ ನನ್ನ ಕಸುಬಲ್ಲ. ಆದರೆ ಬೆಲೆಬಾಳುವ ವಸ್ತುವನ್ನೂ ಅಪಾಯದ ವಸ್ತುವನ್ನೂ ಬೀಗ ಹಾಕಿ ಜೋಪಾನ ಮಾಡುವ ಕೆಲಸ ಗೊತ್ತು. ಈ ವಿಷಯ ಓದುತ್ತಾ ಹೋದಂತೆ ಇದೂ ಅರ್ಧಕ್ಕರ್ಧ ಅಂಥದೇ ಕೆಲಸ ಅನ್ನಿಸಿತು.

ಮೊದಲು ಉಳಿಯುವುದು ಏನು ನೋಡೋಣ. ಯುರೇನಿಯಂ ಇಂಧನ ಅಂದರೆ ಬೆರಳ ತುದಿಯಷ್ಟು ದಪ್ಪದ ಗಟ್ಟಿ ಬಿಲ್ಲೆಗಳು. ಅವನ್ನು ಜಿರ್ಕೋನಿಯಂ ಎಂಬ ಲೋಹದ ಉದ್ದನೆಯ ಕೊಳವೆಗಳಲ್ಲಿ ತುಂಬುತ್ತಾರೆ. ಅಂಥ ಹತ್ತಾರು ಕೊಳವೆಗಳನ್ನು ಸೇರಿಸಿ ಒಂದು ಕಟ್ಟು ಮಾಡುತ್ತಾರೆ, ಊದಿನಕಡ್ಡಿಯ ಕಟ್ಟಿನ ಹಾಗೆ. ಅಮೆರಿಕ, ಜಪಾನಿನ ರಿಯಾಕ್ಟರುಗಳಲ್ಲಿ ಈ ಕಟ್ಟುಗಳು ಕೆಲವು ವರ್ಷ ಕೆಲಸ ಮಾಡಿದ ಮೇಲೆ ಹೊರಬರುತ್ತವೆ. ಹೊರಗಿನಿಂದ ನೋಡಿದರೆ ಹೋದಾಗ ಹೇಗಿತ್ತೋ ಬಂದಾಗಲೂ ಹಾಗೇ ಇರುತ್ತವೆ. ಹೊಗೆಯಿಲ್ಲ, ಬೂದಿಯಿಲ್ಲ. ಒಳಗೆ ಮಾತ್ರ ಎಲ್ಲ ಬದಲಾಗಿರುತ್ತದೆ. ಯುರೇನಿಯಂ ಪರಮಾಣು ಒಡೆದು ಸೀಸಿಯಂ, ಸ್ಟ್ರಾಂಷಿಯಂ ಮೊದಲಾದ ವಿಕಿರಣಶೀಲ ಧಾತುಗಳು ಹುಟ್ಟಿರುತ್ತವೆ, ಜೊತೆಗೆ ಒಂದಿಷ್ಟು ಪ್ಲುಟೋನಿಯಂ. ಹೊಸದಾಗಿ ಹೊರಬಂದ ಕಟ್ಟಿನ ಪಕ್ಕ ಅಡ್ಡ ಏನೂ ಇಲ್ಲದೆ ಕೆಲವೇ ನಿಮಿಷ ನಿಂತವನು ಬದುಕುವುದಿಲ್ಲ.

ಇನ್ನೊಂದು ಸಂಗತಿ, ರಿಯಾಕ್ಟರು ನಿಲ್ಲಿಸಿದರೂ ಇಂಧನ ತಣ್ಣಗಾಗುವುದಿಲ್ಲ. ನಾವು ಗ್ಯಾಸ್ ಆರಿಸಿದ ಮೇಲೂ ಕುಕ್ಕರ್ ಬಿಸಿ ಇರುತ್ತದೆ, ಆದರೆ ಅದು ಹಳೆಯ ಬಿಸಿ, ಅರ್ಧ ಗಂಟೆಯಲ್ಲಿ ಆರುತ್ತದೆ. ಇಲ್ಲಿ ಹಾಗಲ್ಲ. ಒಳಗಿನ ಧಾತುಗಳು ಒಡೆಯುತ್ತಾ ಹೊಸ ಬಿಸಿ ಹುಟ್ಟಿಸುತ್ತಲೇ ಇರುತ್ತವೆ. ನಿಲ್ಲಿಸಿದ ಗಳಿಗೆಯಲ್ಲಿ ಪೂರ್ಣ ಶಕ್ತಿಯ ನೂರರಲ್ಲಿ ಆರು ಪಾಲಿನಷ್ಟು ಶಾಖ ಬರುತ್ತಿರುತ್ತದೆ. ಒಂದು ದಿನ ಕಳೆಯುವಷ್ಟರಲ್ಲಿ ಅರ್ಧ ಪಾಲಿಗೆ ಇಳಿಯುತ್ತದೆ. ಒಂದು ವರ್ಷವಾದ ಮೇಲೆ ಲೆಕ್ಕ ಹಾಕಿದರೆ ಒಂದು ಟನ್ ಇಂಧನದಿಂದ ಸುಮಾರು 10 ಕಿಲೋವಾಟ್, ಐದು ವರ್ಷದ ಮೇಲೆ ಸುಮಾರು 2 ಕಿಲೋವಾಟ್. ನಿಮ್ಮ ಬಚ್ಚಲುಮನೆಯ ಗೀಸರ್ 2 ಕಿಲೋವಾಟಿನದು. ಬೂದಿ ಮುಚ್ಚಿದ ಕೆಂಡ ಅನ್ನುತ್ತಾರಲ್ಲ, ಅದೇ ಇದು.

ಶಾಖ ಹೀಗೆ ಬೇಗ ಇಳಿಯುತ್ತದೆ. ಆದರೆ ವಿಷ ಅಷ್ಟು ಬೇಗ ಇಳಿಯುವುದಿಲ್ಲ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಕಾಮರ್ಸ್ ಓದಿದವರಿಗೆ ಸವಕಳಿ ಲೆಕ್ಕ ಗೊತ್ತು. ಯಂತ್ರದ ಬೆಲೆಯಲ್ಲಿ ಪ್ರತಿವರ್ಷ ಇಂತಿಷ್ಟು ಪಾಲು ಕಡಿಮೆ ಮಾಡುತ್ತಾ ಹೋಗುವುದು, ಉಳಿದ ಬೆಲೆಯ ಮೇಲೆ ಮತ್ತೆ ಅಷ್ಟೇ ಪಾಲು ಕಡಿಮೆ ಮಾಡುವುದು. ಈ ವಿಧಾನದಲ್ಲಿ ಬೆಲೆ ಸಣ್ಣದಾಗುತ್ತಾ ಹೋಗುತ್ತದೆ, ಸೊನ್ನೆ ಮಾತ್ರ ಆಗುವುದಿಲ್ಲ. ವಿಕಿರಣದ್ದೂ ಇದೇ ಲೆಕ್ಕ. ಸೀಸಿಯಂ 137ರ ಅರ್ಧಾಯುಷ್ಯ ಸುಮಾರು 30 ವರ್ಷ. ಇವತ್ತು 100 ಇದ್ದರೆ 30 ವರ್ಷಕ್ಕೆ 50, 60ಕ್ಕೆ 25, 90ಕ್ಕೆ ಹನ್ನೆರಡೂವರೆ. ಸಾವಿರಕ್ಕೆ ಒಂದು ಪಾಲಿಗೆ ಇಳಿಯಲು 300 ವರ್ಷ ಬೇಕು. 300 ವರ್ಷದ ಹಿಂದೆ ಹೈದರ್ ಅಲಿ ಇನ್ನೂ ಮಗು. ಪ್ಲುಟೋನಿಯಂ 239ರ ಅರ್ಧಾಯುಷ್ಯ ಕೇಳಿದರೆ ಎದೆ ಧಸಕ್ಕೆನ್ನುತ್ತದೆ: 24,000 ವರ್ಷ. ಬಾದಾಮಿಯ ಮೂರನೇ ಗುಹೆಯ ಶಾಸನ ಕ್ರಿ.ಶ. 578ರದ್ದು, ಅದಕ್ಕೆ ಇನ್ನೂ 1500 ವರ್ಷ ತುಂಬಿಲ್ಲ.

ಸರಿ, ರಿಯಾಕ್ಟರಿನಿಂದ ತೆಗೆದ ಕಟ್ಟನ್ನು ಎಲ್ಲಿಡುತ್ತಾರೆ? ನೀರಿನಲ್ಲಿ. ಪ್ರತಿ ಸ್ಥಾವರದಲ್ಲೂ ಒಂದು ಆಳವಾದ ಕಾಂಕ್ರೀಟ್ ಕೊಳ ಇರುತ್ತದೆ, ಒಳಮೈಗೆ ಉಕ್ಕಿನ ಹಾಳೆ. ನೀರು ಎರಡು ಕೆಲಸ ಮಾಡುತ್ತದೆ. ಶಾಖ ಹೀರಿಕೊಳ್ಳುತ್ತದೆ, ವಿಕಿರಣವನ್ನೂ ತಡೆಯುತ್ತದೆ. ಮೇಲೆ ಆರೇಳು ಮೀಟರ್ ನೀರು ನಿಂತಿದ್ದರೆ ದಡದಲ್ಲಿ ಮನುಷ್ಯರು ನಿಶ್ಚಿಂತೆಯಿಂದ ಓಡಾಡಬಹುದು. ಹೊಸ ಇಂಧನವಿದ್ದರೆ ತಳದಲ್ಲಿ ತಿಳಿನೀಲಿ ಬೆಳಕು ಕಾಣುತ್ತದಂತೆ, ನೋಡಲು ಬಹಳ ಚೆಂದವಂತೆ. ಆದರೆ ಈ ಕೊಳಕ್ಕೆ ಪಂಪು ಬೇಕು. ಬಿಸಿಯಾದ ನೀರನ್ನು ಹೊರಗೆ ತಂದು ತಣಿಸಿ ಮತ್ತೆ ಒಳಗೆ ಬಿಡಬೇಕು. ಪಂಪಿಗೆ ಕರೆಂಟು ಬೇಕು.

ಕೊಳವನ್ನು ಕಟ್ಟಿದವರ ಯೋಚನೆ ಇಷ್ಟೇ ಇತ್ತು: ಕೆಲವು ವರ್ಷ ನೀರಿನಲ್ಲಿ ತಣಿಯಲಿ, ಆಮೇಲೆ ಮುಂದಿನ ಜಾಗಕ್ಕೆ ಕಳಿಸೋಣ. ಅಮೆರಿಕದಲ್ಲಿ ಆ ಮುಂದಿನ ಜಾಗ ಬರಲೇ ಇಲ್ಲ. ಬಳಸಿದ ಇಂಧನವನ್ನು ಸಂಸ್ಕರಿಸಿ ಪ್ಲುಟೋನಿಯಂ ತೆಗೆಯುವುದು ಬೇಡ ಎಂದು 1977ರಲ್ಲಿ ಅಧ್ಯಕ್ಷ ಕಾರ್ಟರ್ ನಿಲ್ಲಿಸಿದರು. 1982ರಲ್ಲಿ ಒಂದು ಕಾಯಿದೆ ಬಂತು. ಪ್ರತಿ ಯೂನಿಟ್ ವಿದ್ಯುತ್ತಿಗೆ ಸೆಂಟಿನ ಹತ್ತನೇ ಒಂದು ಪಾಲು ಕಟ್ಟಿಸಿಕೊಂಡು, 1998ರ ಜನವರಿ 31ರಿಂದ ಸರಕಾರವೇ ಆ ಇಂಧನವನ್ನು ಒಯ್ದು ನೆಲದಾಳದಲ್ಲಿ ಹೂಳುವುದು ಎಂಬ ಕರಾರು. 1987ರಲ್ಲಿ ನೆವಾಡಾ ರಾಜ್ಯದ ಯಕ್ಕಾ ಬೆಟ್ಟವನ್ನು ಗೊತ್ತು ಮಾಡಿದರು. ಆ ರಾಜ್ಯದವರು ನಮಗೆ ಬೇಡ ಎಂದರು. ಜಗಳ ನಡೆದು ನಡೆದು 2010ರಲ್ಲಿ ಅಧ್ಯಕ್ಷ ಒಬಾಮಾ ಅವರ ಸರಕಾರ ಆ ಕೆಲಸ ಕೈಬಿಟ್ಟಿತು. ಹೂಳುವ ನಿಧಿಯಲ್ಲಿ 4,000 ಕೋಟಿ ಡಾಲರಿಗೂ ಹೆಚ್ಚು ಹಣ ಕೂತಿದೆ. ಒಂದೇ ಒಂದು ಕಟ್ಟು ಹೂಳಿಲ್ಲ. ಕರಾರು ಮುರಿದದ್ದಕ್ಕೆ ವಿದ್ಯುತ್ ಕಂಪನಿಗಳು ಕೋರ್ಟಿಗೆ ಹೋದವು. ಸರಕಾರ ಇದುವರೆಗೆ 1,000 ಕೋಟಿ ಡಾಲರಿಗಿಂತ ಹೆಚ್ಚು ಪರಿಹಾರ ಕೊಟ್ಟಿದೆ, ಅದೂ ತೆರಿಗೆದಾರರ ಜೇಬಿನಿಂದ. ಲೆಕ್ಕ ಬರೆದು ಬದುಕಿದವನಿಗೆ ಇದನ್ನು ಓದುವಾಗ ಹೊಟ್ಟೆ ಉರಿಯುತ್ತದೆ.

ಬ್ಯಾಂಕಿನಲ್ಲಿ ಸಸ್ಪೆನ್ಸ್ ಅಕೌಂಟ್ ಅಂತ ಒಂದಿರುತ್ತದೆ. ಪತ್ತೇದಾರಿ ಕಾದಂಬರಿಗೂ ಅದಕ್ಕೂ ಸಂಬಂಧವಿಲ್ಲ. ಯಾವ ಖಾತೆಗೆ ಹಾಕಬೇಕೆಂದು ತಕ್ಷಣ ಗೊತ್ತಾಗದ ಹಣವನ್ನು ತಾತ್ಕಾಲಿಕವಾಗಿ ಅಲ್ಲಿ ಹಾಕಿಡುತ್ತೇವೆ. ನಾಲ್ಕು ದಿನದಲ್ಲಿ ಸರಿಯಾದ ಖಾತೆಗೆ ಹೋಗಬೇಕು. ಹೋಗದೆ ವರ್ಷಗಟ್ಟಲೆ ಅಲ್ಲೇ ಕೂತ ಬಾಬತ್ತುಗಳೇ ಹೆಚ್ಚು ತಕರಾರು ತರುವುದು. ಅದಕ್ಕೇ ಇನ್ಸ್‌ಪೆಕ್ಷನ್ನಿಗೆ ಬಂದ ಅಧಿಕಾರಿ ಮೊದಲು ಕೇಳುವುದು ಆ ಪುಸ್ತಕವನ್ನು. ಅಮೆರಿಕದ ಕೊಳಗಳು ಇಂಥ ಸಸ್ಪೆನ್ಸ್ ಅಕೌಂಟ್ ಆಗಿಬಿಟ್ಟವು. ಜಾಗ ಸಾಲದೆ ಹೋದಾಗ ಕೊಳದೊಳಗಿನ ಚೌಕಟ್ಟುಗಳನ್ನು ಬದಲಾಯಿಸಿ ಕಟ್ಟುಗಳನ್ನು ಒತ್ತೊತ್ತಾಗಿ ಜೋಡಿಸಿದರು. ಪರಮಾಣು ಸರಪಳಿ ಕ್ರಿಯೆ ತಾನೇ ಶುರುವಾಗದಂತೆ ನಡುವೆ ಬೋರಾನ್ ಇರುವ ಫಲಕ ನಿಲ್ಲಿಸಿದರು. ಮೊದಲು ಅಂದುಕೊಂಡದ್ದಕ್ಕಿಂತ ಎಷ್ಟೋ ಪಾಲು ಹೆಚ್ಚು ಇಂಧನ ಒಂದೊಂದು ಕೊಳದಲ್ಲಿ ಸೇರಿಕೊಂಡಿತು.

ಅದರಲ್ಲಿ ಅಪಾಯ ಏನು ಎಂದು ಜಗತ್ತಿಗೆ ತೋರಿಸಿದ್ದು ಜಪಾನಿನ ಫುಕುಶಿಮಾ.

2011ರ ಮಾರ್ಚ್ 11ರಂದು ಭೂಕಂಪ ಆಗಿ ಸಮುದ್ರ ಉಕ್ಕಿ ಬಂದದ್ದು, ಕರೆಂಟು ಹೋಗಿ ಮೂರು ರಿಯಾಕ್ಟರುಗಳು ಒಳಗೇ ಕರಗಿದ್ದು ದೊಡ್ಡವರಿಗೆ ನೆನಪಿರಬಹುದು. ಆದರೆ ಆ ವಾರ ತಿಳಿದವರ ನಿದ್ದೆ ಕೆಡಿಸಿದ್ದು ಆ ಮೂರಷ್ಟೇ ಅಲ್ಲ, ನಾಲ್ಕನೆಯದು. ನಾಲ್ಕನೇ ರಿಯಾಕ್ಟರು ದುರಸ್ತಿಗೆಂದು ಮೊದಲೇ ನಿಂತಿತ್ತು, ಅದರ ಹೊಟ್ಟೆ ಖಾಲಿ. ಒಳಗಿದ್ದ 548 ಕಟ್ಟುಗಳನ್ನೂ ತೆಗೆದು ಪಕ್ಕದ ಕೊಳಕ್ಕೆ ಹಾಕಿದ್ದರು. ಅಲ್ಲಿ ಹಳೆಯವು 783, ಬಳಸದ ಹೊಸವು 204 ಇದ್ದವು. ಒಟ್ಟು 1,535. ಆ ಕೊಳ ಇದ್ದದ್ದು ನೆಲದ ಮೇಲಲ್ಲ, ಕಟ್ಟಡದ ಮೇಲಂತಸ್ತಿನಲ್ಲಿ. ಶಾಖ 2 ಮೆಗಾವಾಟಿಗೂ ಹೆಚ್ಚು. ಸಾವಿರ ಗೀಸರ್ ಒಟ್ಟಿಗೆ ಹಚ್ಚಿದ ಹಾಗೆ, ಪಂಪು ಮಾತ್ರ ನಿಂತಿದೆ.

ಮಾರ್ಚ್ 15ರ ಬೆಳಿಗ್ಗೆ ಆ ಕಟ್ಟಡವೂ ಸಿಡಿಯಿತು. ರಿಯಾಕ್ಟರು ಖಾಲಿ ಇದ್ದಮೇಲೆ ಸಿಡಿದದ್ದು ಏನು? ಕೊಳ ಬತ್ತಿರಬೇಕು, ಇಂಧನ ಉರಿಯುತ್ತಿರಬೇಕು ಎಂದೇ ಹಲವರು ನಂಬಿದರು. ನೀರು ಇಳಿದು ಕಟ್ಟುಗಳು ಗಾಳಿಗೆ ಬಂದರೆ ಜಿರ್ಕೋನಿಯಂ ಕೊಳವೆ ಕಾದು ಹೊತ್ತಿಕೊಳ್ಳಬಲ್ಲದು. ಮರುದಿನ ಅಮೆರಿಕದ ಅಣು ನಿಯಂತ್ರಣ ಆಯೋಗದ ಅಧ್ಯಕ್ಷರು ತಮ್ಮ ಸಂಸತ್ತಿನ ಮುಂದೆ ಆ ಕೊಳದಲ್ಲಿ ನೀರಿಲ್ಲ ಎಂದರು. ತಮ್ಮ ದೇಶದವರಿಗೆ 80 ಕಿಲೋಮೀಟರ್ ದೂರ ಹೋಗಿ ಎಂದರು. ಜಪಾನಿನ ಅಣುಶಕ್ತಿ ಆಯೋಗದ ಅಧ್ಯಕ್ಷ ಕೊಂಡೊ ಮಾರ್ಚ್ 25ರಂದು ಪ್ರಧಾನಿಗೆ ಒಂದು ಗುಟ್ಟಿನ ವರದಿ ಕೊಟ್ಟರು. ಕೆಟ್ಟದ್ದೆಲ್ಲ ಒಂದರ ಹಿಂದೊಂದು ಆಗಿ ಕೊಳಗಳೂ ಹೊತ್ತಿಕೊಂಡರೆ 250 ಕಿಲೋಮೀಟರ್ ದೂರದವರೆಗೂ ಜನ ಊರು ಬಿಡಬೇಕಾಗಬಹುದು ಎಂದು ಅದರಲ್ಲಿತ್ತು. ಟೋಕಿಯೊ ನಗರ ಅಷ್ಟು ದೂರದೊಳಗೇ ಬರುತ್ತದೆ. ಮೂರು ಕೋಟಿಗೂ ಮೀರಿದ ಜನರನ್ನು ಎಲ್ಲಿಗೆ ಕಳಿಸುವುದು?

ಹಾಗೆ ಆಗಲಿಲ್ಲ. ಕೊಳದಲ್ಲಿ ನೀರಿತ್ತು. ಸಿಡಿದದ್ದು ಪಕ್ಕದ ಮೂರನೇ ರಿಯಾಕ್ಟರಿನಿಂದ ಕೊಳವೆಯಲ್ಲಿ ಹರಿದು ಬಂದ ಹೈಡ್ರೋಜನ್ ಎಂದು ಆಮೇಲೆ ಗೊತ್ತಾಯಿತು. ನೀರು ಉಳಿದದ್ದು ಹೇಗೆ? ಕೊಳದ ಪಕ್ಕದಲ್ಲೇ, ರಿಯಾಕ್ಟರಿನ ಮೇಲ್ಭಾಗದಲ್ಲಿ, ದುರಸ್ತಿ ಕೆಲಸಕ್ಕೆಂದು ತುಂಬಿದ್ದ ಇನ್ನೊಂದು ನೀರಿನ ಹೊಂಡ ಇತ್ತು. ಮಾರ್ಚ್ ಮೊದಲಲ್ಲೇ ಅದನ್ನು ಖಾಲಿ ಮಾಡಬೇಕಿತ್ತು. ಕೆಲಸ ತಡವಾಗಿ ನೀರು ಹಾಗೇ ಉಳಿದಿತ್ತು. ಎರಡರ ನಡುವಿನ ಬಾಗಿಲಿನ ಸಂದಿಯಿಂದ ಆ ನೀರು ಸೋರಿ ಕೊಳಕ್ಕೆ ಬಂತು. ಅಮೆರಿಕದ ವಿಜ್ಞಾನ ಅಕಾಡೆಮಿ ಇದನ್ನು ವಿವರವಾಗಿ ಪರಿಶೀಲಿಸಿ 2016ರಲ್ಲಿ ವರದಿ ಬರೆದಿದೆ. ಕೆಲಸ ತಡವಾದದ್ದರಿಂದ, ಬಾಗಿಲು ಸೋರಿದ್ದರಿಂದ ಬಚಾವಾಯಿತು ಎಂಬ ಮಾತು ಯಾವ ಸುರಕ್ಷತಾ ನಿಯಮಾವಳಿಯಲ್ಲಿ ಬರೆಯಲಿಕ್ಕೆ ಸಾಧ್ಯ, ಹೇಳಿ.

ಆಮೇಲೆ ನೀರು ಹೊಯ್ಯಲು ತಂದದ್ದು ಏನು ಗೊತ್ತೇ ಮಕ್ಕಳೇ? ದೊಡ್ಡ ಕಟ್ಟಡಗಳಿಗೆ ಕಾಂಕ್ರೀಟ್ ಸುರಿಯುವ ಉದ್ದ ಕೈಯ ಲಾರಿ. ಬೆಂಗಳೂರಿನ ರಸ್ತೆಬದಿಯಲ್ಲಿ ನೀವೂ ನೋಡಿರುತ್ತೀರಿ. ಅದಕ್ಕೆ ಅಲ್ಲಿನ ಕೆಲಸಗಾರರು ಜಿರಾಫೆ ಎಂದು ಹೆಸರಿಟ್ಟರು. ಜಿರಾಫೆ ಕತ್ತು ಚಾಚಿ ಮೇಲಂತಸ್ತಿನ ಕೊಳಕ್ಕೆ ನೀರು ಹಾಕಿತು. 2013ರ ನವೆಂಬರಿನಲ್ಲಿ ಒಂದೊಂದೇ ಕಟ್ಟನ್ನು ಎತ್ತಿ ಬೇರೆ ಕೊಳಕ್ಕೆ ಸಾಗಿಸಲು ಶುರು ಮಾಡಿ, 2014ರ ಡಿಸೆಂಬರಿನಲ್ಲಿ 1,535ನ್ನೂ ತೆಗೆದು ಮುಗಿಸಿದರು.

ಈಗ ಅದೇ ಸ್ಥಾವರದ ಇನ್ನೊಂದು ಮೂಲೆಗೆ ಬನ್ನಿ. ಅಲ್ಲಿ ಒಂದು ಸಾಧಾರಣ ಕಟ್ಟಡ, ಒಳಗೆ ಒಂಬತ್ತು ದಪ್ಪ ಉಕ್ಕಿನ ಪೀಪಾಯಿಗಳು. ಕೊಳದಲ್ಲಿ ವರ್ಷಗಟ್ಟಲೆ ತಣಿದ 408 ಕಟ್ಟುಗಳನ್ನು ಅವುಗಳಲ್ಲಿ ತುಂಬಿಟ್ಟಿದ್ದರು. ಅದೇ ಭೂಕಂಪ ಅವನ್ನೂ ನಡುಗಿಸಿತು. ಅದೇ ಸಮುದ್ರ ಬಾಗಿಲು ಮುರಿದು ಒಳನುಗ್ಗಿ ಮರಳು, ಕಸಕಡ್ಡಿ ಎಲ್ಲ ತುಂಬಿತು. ಕರೆಂಟು ಅಲ್ಲಿಯೂ ಹೋಯಿತು. ಆದರೆ ಪೀಪಾಯಿಗಳಿಗೆ ಕರೆಂಟು ಬೇಕೇ ಇರಲಿಲ್ಲ. ನೀರು ಇಳಿದ ಮೇಲೆ ಹೋಗಿ ನೋಡಿದರೆ ಇಟ್ಟಲ್ಲೇ ನಿಂತಿದ್ದವು. ಆಮೇಲೆ ತೆಗೆದು ಪರೀಕ್ಷಿಸಿದಾಗಲೂ ಒಳಗಿನ ಇಂಧನಕ್ಕೆ ಏನೂ ಆಗಿರಲಿಲ್ಲ. ಆ ವಾರ ಯಾವ ಪತ್ರಿಕೆಯೂ ಅವುಗಳ ಬಗ್ಗೆ ಬರೆದದ್ದು ನಾನು ಕಾಣೆ. ಏನೂ ಆಗದ್ದು ಸುದ್ದಿ ಹೇಗಾದೀತು?

ಈ ಪೀಪಾಯಿ ಕೆಲಸ ಮಾಡುವುದು ಹೇಗೆ ಎಂದು ಸ್ವಲ್ಪ ಹೇಳುತ್ತೇನೆ. ಅಮೆರಿಕದಲ್ಲಿ ಹೆಚ್ಚಾಗಿ ಬಳಸುವ ಮಾದರಿಯಲ್ಲಿ ಒಳಗೆ ಒಂದು ಉಕ್ಕಿನ ಡಬ್ಬಿ. ಕೊಳದಲ್ಲಿ ಸಾಮಾನ್ಯವಾಗಿ ಐದು ವರ್ಷವೋ ಹೆಚ್ಚೋ ತಣಿದ ಕಟ್ಟುಗಳನ್ನು ಅದರಲ್ಲಿ ಇಟ್ಟು, ನೀರೆಲ್ಲ ಬಸಿದು ಒಣಗಿಸಿ, ಹೀಲಿಯಂ ಅನಿಲ ತುಂಬಿ, ಮುಚ್ಚಳಕ್ಕೆ ಬೆಸುಗೆ ಹಾಕುತ್ತಾರೆ. ಹೀಲಿಯಂ ಯಾವುದರ ಜೊತೆಗೂ ಸೇರಿ ಕೆಡಿಸುವುದಿಲ್ಲ, ಶಾಖವನ್ನು ಚೆನ್ನಾಗಿ ಸಾಗಿಸುತ್ತದೆ. ಆ ಡಬ್ಬಿಯನ್ನು ದಪ್ಪ ಕಾಂಕ್ರೀಟಿನ ದೊಡ್ಡ ಕವಚದೊಳಗೆ ಇಳಿಸುತ್ತಾರೆ. ಕವಚದ ಬುಡದಲ್ಲಿ ಗಾಳಿಕಿಂಡಿ, ಮೇಲೆ ಗಾಳಿಕಿಂಡಿ. ಬಿಸಿಯಾದ ಗಾಳಿ ಮೇಲೆ ಹೋಗುತ್ತದೆ, ಕೆಳಗಿನಿಂದ ತಂಪು ಗಾಳಿ ತಾನಾಗಿ ಒಳಗೆ ಬರುತ್ತದೆ. ನಮ್ಮ ಹಳೆಯ ಮನೆಗಳ ಅಡುಗೆಕೋಣೆಯ ಮಾಡಿನಲ್ಲಿ ಗವಾಕ್ಷಿ ಇರುತ್ತಿತ್ತಲ್ಲ, ಅದೇ ಉಪಾಯ. ಫ್ಯಾನಿಲ್ಲ, ಪಂಪಿಲ್ಲ, ಸ್ವಿಚ್ಚಿಲ್ಲ. ಕಿಂಡಿಯಲ್ಲಿ ಹಕ್ಕಿ ಗೂಡು ಕಟ್ಟದಂತೆ, ಕಸ ಕಟ್ಟಿಕೊಳ್ಳದಂತೆ ನೋಡಿಕೊಂಡರೆ ಆಯಿತು. ಒಂದೊಂದರ ತೂಕ ನೂರು ಟನ್ನಿಗೂ ಹೆಚ್ಚು.

ಅಮೆರಿಕದಲ್ಲಿ ಇವು ಮೊದಲು ಬಂದದ್ದು ವರ್ಜೀನಿಯಾ ರಾಜ್ಯದ ಸರ‍್ರಿ ಸ್ಥಾವರದಲ್ಲಿ, 1986ರಲ್ಲಿ. ಅದೇ ರಾಜ್ಯದ ನಾರ್ತ್ ಆ್ಯನ ಎಂಬಲ್ಲಿ 2011ರ ಆಗಸ್ಟ್ 23ರಂದು ಭೂಮಿ ನಡುಗಿತು. ನಿಲ್ಲಿಸಿದ್ದ 27 ಪೀಪಾಯಿಗಳಲ್ಲಿ 25 ಜರುಗಿದವು. ಎಷ್ಟು ದೂರ? ಹೆಚ್ಚೆಂದರೆ ನಾಲ್ಕೂವರೆ ಅಂಗುಲ. ಯಾವುದೂ ಬೀಳಲಿಲ್ಲ, ಸೋರಲಿಲ್ಲ.

ಹಾಗಾದರೆ ಎಲ್ಲವನ್ನೂ ಪೀಪಾಯಿಗೇ ಹಾಕಬಾರದೇ ಎಂದು ಕೇಳುತ್ತೀರಿ. ಹೊಸ ಇಂಧನ ಅಷ್ಟು ಬಿಸಿ ಇರುತ್ತದೆ, ಗಾಳಿಗೆ ತಣಿಯುವುದಿಲ್ಲ. ಅದಕ್ಕೆ ನೀರೇ ಬೇಕು. ಪ್ರಶ್ನೆ ಇರುವುದು ಹಳೆಯದರ ಬಗ್ಗೆ. ಆಗಲೇ ನೆನಪಿಟ್ಟುಕೊಳ್ಳಿ ಎಂದೆನಲ್ಲ, ಶಾಖ ಬೇಗ ಇಳಿಯುತ್ತದೆ, ವಿಷ ನಿಧಾನ. ತುಂಬಿ ತುಳುಕುವ ಕೊಳದಲ್ಲಿ ಹೊತ್ತಿಸುವ ಬಿಸಿ ಇರುವುದು ಈಚೆಗೆ ಬಂದ ಕಟ್ಟುಗಳಲ್ಲಿ, ಊರು ಹಾಳು ಮಾಡುವ ಸೀಸಿಯಂ ಬಹುಪಾಲು ಕೂಡಿರುವುದು ವರ್ಷಗಟ್ಟಲೆ ಪೇರಿಸಿದ ಹಳೆಯ ಕಟ್ಟುಗಳಲ್ಲಿ. ಹೊಸದು ಬೆಂಕಿಕಡ್ಡಿ, ಹಳೆಯದು ಹುಲ್ಲಿನ ಬಣವೆ. ನಮ್ಮ ರೈತರು ಬಣವೆಯನ್ನು ಅಡುಗೆಮನೆಯ ಗೋಡೆಗೆ ತಾಗಿಸಿ ಒಟ್ಟುವುದಿಲ್ಲ. ಬೆಂಕಿ ಬಿದ್ದೇ ಬೀಳುತ್ತದೆ ಎಂದಲ್ಲ, ಬಿದ್ದರೆ ಎಷ್ಟು ಹೋಗುತ್ತದೆ ಎನ್ನುವುದಕ್ಕೆ. ಹಳೆಯ ಕಟ್ಟುಗಳನ್ನು ಹೊರಗೆ ಸಾಗಿಸಿದರೆ ಕೊಳ ಸಡಿಲವಾಗುತ್ತದೆ. ನೀರು ಹೋದರೂ ನಡುವೆ ಗಾಳಿ ಆಡಲು ಜಾಗ ಇರುತ್ತದೆ. ಹೊತ್ತಿಕೊಂಡರೂ ಹೊರಬೀಳುವ ವಿಷ ಎಷ್ಟೋ ಕಡಿಮೆ.

ಫ್ರಾಂಕ್ ಫಾನ್ ಹಿಪೆಲ್, ಆ್ಯಲಿಸನ್ ಮ್ಯಾಕ್‌ಫರ್ಲೇನ್ ಮೊದಲಾದ ತಜ್ಞರು 2003ರಲ್ಲೇ ಇದನ್ನು ಬರೆದಿದ್ದರು: ಐದು ವರ್ಷ ತಣಿದದ್ದನ್ನೆಲ್ಲ ಪೀಪಾಯಿಗೆ ಹಾಕಿ, ಖರ್ಚು 350ರಿಂದ 700 ಕೋಟಿ ಡಾಲರ್ ಆದೀತು. ಫುಕುಶಿಮಾ ಆದ ಮೇಲೆ ಅಲ್ಲಿನ ನಿಯಂತ್ರಣ ಆಯೋಗ ಈ ವಿಷಯವನ್ನು ಮತ್ತೆ ಕೈಗೆತ್ತಿಕೊಂಡಿತು. ಕೊಳಕ್ಕೆ ಬೆಂಕಿ ಬೀಳುವ ಸಂಭವ ಬಹಳ ಬಹಳ ಕಡಿಮೆ, ಅದಕ್ಕಾಗಿ ಇಷ್ಟು ಖರ್ಚು ಹೊರಿಸುವುದು ಸರಿಯಲ್ಲ ಎಂದು 2014ರಲ್ಲಿ ಐವರಲ್ಲಿ ನಾಲ್ವರು ತೀರ್ಮಾನಿಸಿದರು. ಒಪ್ಪದೆ ಉಳಿದ ಒಬ್ಬರು ಯಾರು? ಅಷ್ಟರಲ್ಲಿ ಆಯೋಗದ ಅಧ್ಯಕ್ಷೆಯಾಗಿದ್ದ ಅದೇ ಮ್ಯಾಕ್‌ಫರ್ಲೇನ್.

ನಾಲ್ವರ ಲೆಕ್ಕ ಸುಳ್ಳೆಂದು ನಾನು ಹೇಳಲಾರೆ. ಸಂಭವ ಕಡಿಮೆಯೇ ಇರಬಹುದು. ಆದರೆ ಬ್ಯಾಂಕಿನಲ್ಲಿ ನಾವು ಲೆಕ್ಕ ಹಾಕುತ್ತಿದ್ದ ರೀತಿ ಬೇರೆ. ಪ್ರತಿ ಶಾಖೆಗೂ ಇಷ್ಟೇ ನಗದು ಇಟ್ಟುಕೊಳ್ಳಬಹುದು ಎಂಬ ಮಿತಿ ಇರುತ್ತದೆ. ಅದಕ್ಕಿಂತ ಹೆಚ್ಚಾದರೆ ಕರೆನ್ಸಿ ಚೆಸ್ಟಿಗೆ ಕಳಿಸಲೇಬೇಕು. ವ್ಯಾನು, ಗನ್‌ಮ್ಯಾನು, ಇಬ್ಬರು ಸಿಬ್ಬಂದಿ ಎಲ್ಲ ಖರ್ಚು. ನನ್ನ 36 ವರ್ಷದ ಸೇವೆಯಲ್ಲಿ ನಾನಿದ್ದ ಶಾಖೆಗೆ ಒಮ್ಮೆಯೂ ದರೋಡೆಕೋರರು ಬರಲಿಲ್ಲ. ಅವರು ಬರುವ ಸಂಭವ ಕಡಿಮೆ ಎಂದು ಯಾರೂ ಆ ಮಿತಿಯನ್ನು ತೆಗೆದುಹಾಕಲಿಲ್ಲ. ಬಂದ ದಿನ ಎಷ್ಟು ಸಿಗಬೇಕು ಎನ್ನುವುದು ನಮ್ಮ ಕೈಯಲ್ಲಿತ್ತು, ಅಷ್ಟೇ.

ಪೀಪಾಯಿಗೂ ತೊಂದರೆ ಇಲ್ಲವೆಂದಲ್ಲ. ಕ್ಯಾಲಿಫೋರ್ನಿಯಾದ ಸಾನ್ ಒನೋಫ್ರೆ ಎಂಬ ಮುಚ್ಚಿದ ಸ್ಥಾವರದಲ್ಲಿ, ಸಮುದ್ರದ ದಡದಲ್ಲೇ, ಇಂಥ 123 ಡಬ್ಬಿಗಳಿವೆ. 2018ರ ಆಗಸ್ಟಿನಲ್ಲಿ ಒಂದನ್ನು ಗುಂಡಿಗೆ ಇಳಿಸುವಾಗ ಅದು ಅಂಚಿಗೆ ಸಿಕ್ಕಿಕೊಂಡಿತು. ಕೆಳಗೆ 18 ಅಡಿ ಆಳ. ಇಳಿಸುತ್ತಿದ್ದವರಿಗೆ ಸಿಕ್ಕಿಕೊಂಡದ್ದು ತಿಳಿಯಲೇ ಇಲ್ಲ. ಹಿಡಿದಿದ್ದ ಪಟ್ಟಿಗಳು ಸಡಿಲವಾಗಿ, ಮುಕ್ಕಾಲು ಗಂಟೆಗೂ ಹೆಚ್ಚು ಹೊತ್ತು ಆ ಅಂಚಿನ ಆಧಾರದ ಮೇಲೇ ನಿಂತಿತ್ತು. ಕೊನೆಗೆ ಸರಿಪಡಿಸಿ ಇಳಿಸಿದರು. ಆಯೋಗ 1,16,000 ಡಾಲರ್ ದಂಡ ಹಾಕಿತು. ಕಡಲ ಉಪ್ಪುಗಾಳಿಗೆ ಆ ಬಗೆಯ ಉಕ್ಕಿನಲ್ಲಿ ಕೂದಲೆಳೆಯ ಬಿರುಕು ಬರಬಹುದೆಂಬ ಚಿಂತೆಯೂ ಇದೆ. ಕರಾವಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಮನೆಯ ಗೇಟು ನೋಡಿದರೆ ಸಾಕು. ಜರ್ಮನಿಯವರು ಇನ್ನೂ ದಪ್ಪ ಗೋಡೆಯ ಪೀಪಾಯಿಗಳನ್ನು ಬಯಲಿನಲ್ಲಿ ಬಿಡದೆ ಗಟ್ಟಿ ಕಟ್ಟಡಗಳ ಒಳಗೆ ನಿಲ್ಲಿಸಿದ್ದಾರೆ. ಅದು ನನಗೆ ಹೆಚ್ಚು ಸರಿ ಕಾಣುತ್ತದೆ. ಖರ್ಚು ಹೆಚ್ಚು, ನಿಜ. ಕೊನೆಯ ಜಾಗವೆಂದರೆ ಫಿನ್ಲೆಂಡಿನವರು ಒಲ್ಕಿಲುವೊಟೊ ದ್ವೀಪದ ಬಂಡೆಯಲ್ಲಿ ನಾನೂರು ಮೀಟರಿಗೂ ಆಳಕ್ಕೆ ತೋಡಿದ ಸುರಂಗದಂಥದ್ದೇ. ಅಲ್ಲಿಯವರೆಗಿನ ಹತ್ತಾರು ವರ್ಷಗಳಿಗೆ ಪೀಪಾಯಿ.

ಇನ್ನು ನಮ್ಮ ದೇಶದ ವಿಷಯ. ಕಾರವಾರದ ಹುಡುಗಿ ಅದಕ್ಕೇ ಕಾದಿರುತ್ತಾಳೆ.

ನಮ್ಮಲ್ಲಿ ಬಳಸಿದ ಇಂಧನವನ್ನು ಕಸ ಎನ್ನುವುದಿಲ್ಲ, ಅದನ್ನು ಆಸ್ತಿಯ ಕಡೆಗೆ ಬರೆಯುತ್ತಾರೆ. ಕೈಗಾದಲ್ಲೂ ಹೊರತೆಗೆದ ಇಂಧನ ಮೊದಲು ಸ್ಥಾವರದೊಳಗಿನ ನೀರಿನ ಕೊಳದಲ್ಲೇ ತಣಿಯುತ್ತದೆ. ಸಂಸ್ಕರಣೆ ಮಾಡಿ ಪ್ಲುಟೋನಿಯಂ, ಯುರೇನಿಯಂ ತೆಗೆಯುವ ಘಟಕಗಳು ಟ್ರಾಂಬೆ, ತಾರಾಪುರ, ಕಲ್ಪಾಕ್ಕಂನಲ್ಲಿವೆ. ಹಾಗೆ ತೆಗೆದ ಮೇಲೆ ಉಳಿಯುವ ದ್ರವವೇ ನಿಜವಾದ ಘೋರ ತ್ಯಾಜ್ಯ. ಅದನ್ನು ದ್ರವವಾಗಿಯೇ ಬಹಳ ಕಾಲ ಇಡುವುದು ಒಳ್ಳೆಯದಲ್ಲ. 1957ರ ಸೆಪ್ಟೆಂಬರಿನಲ್ಲಿ ರಷ್ಯಾದ ಯೂರಲ್ ಸೀಮೆಯ ಮಾಯಕ್ ಎಂಬಲ್ಲಿ ಅಂಥ ಟ್ಯಾಂಕ್ ಒಂದರ ತಣಿಸುವ ವ್ಯವಸ್ಥೆ ಕೆಟ್ಟು ಟ್ಯಾಂಕ್ ಸಿಡಿದು ಊರೂರುಗಳನ್ನು ಖಾಲಿ ಮಾಡಿಸಬೇಕಾಯಿತು. ನಮ್ಮವರು ಅದನ್ನು ಗಾಜಿನ ಜೊತೆ ಕರಗಿಸಿ ಉಕ್ಕಿನ ಡಬ್ಬಿಗಳಿಗೆ ಹೊಯ್ದು ಗಟ್ಟಿ ಮಾಡುತ್ತಾರೆ. ನಿಮ್ಮ ಶಾಲೆಯ ಪ್ರಯೋಗಶಾಲೆಯ ಬೀಕರ್ ಇದೆಯಲ್ಲ, ಹೆಚ್ಚುಕಡಿಮೆ ಅದೇ ಜಾತಿಯ ಗಾಜು. ತಾರಾಪುರದಲ್ಲಿ ಆ ಡಬ್ಬಿಗಳನ್ನು ಇಡುವ ನೆಲಮಾಳಿಗೆಗೂ ತಾನಾಗಿ ಬೀಸುವ ಗಾಳಿಯೇ ತಂಪು. ಅಲ್ಲಿಯೂ ಗವಾಕ್ಷಿಯೇ ಅನ್ನಿ.

ಕೋಲಾರದವರು ಕೇಳುವ ಪ್ರಶ್ನೆ ಒಂದಿದೆ. ಹಿಂದೆ ಚಿನ್ನದ ಗಣಿಯಲ್ಲಿ, ಸಾವಿರ ಮೀಟರಿನಷ್ಟು ಆಳದಲ್ಲಿ, ಹೀಟರ್ ಇಟ್ಟು ಬಂಡೆ ಶಾಖವನ್ನು ಹೇಗೆ ತಾಳುತ್ತದೆ ಎಂದು ಅಣುಶಕ್ತಿ ಇಲಾಖೆಯ ವಿಜ್ಞಾನಿಗಳು ಪರೀಕ್ಷೆ ನಡೆಸಿದ್ದು ನಿಜ. ಅದರಲ್ಲಿ ಇಟ್ಟದ್ದು ಕರೆಂಟಿನ ಹೀಟರ್, ತ್ಯಾಜ್ಯವಲ್ಲ. ಆದರೆ 2012ರಲ್ಲಿ ಕೂಡಂಕುಳಂ ತ್ಯಾಜ್ಯವನ್ನು ಕೋಲಾರಕ್ಕೆ ತಂದು ತುಂಬುತ್ತಾರೆಂಬ ಸುದ್ದಿ ಹಬ್ಬಿ ಜಿಲ್ಲೆಯಲ್ಲಿ ಬಂದ್ ಆಯಿತು. ಅಂಥ ಯೋಜನೆಯಿಲ್ಲ ಎಂದು ಸಂಬಂಧಪಟ್ಟವರು ಆಮೇಲೆ ಹೇಳಿದರು. ಮೊದಲೇ ಜನರನ್ನು ಕೂರಿಸಿಕೊಂಡು ಮಾತಾಡಿದ್ದರೆ ಬಂದ್ ಬೇಕಾಗುತ್ತಿರಲಿಲ್ಲ.

ಅದೇ ಕೂಡಂಕುಳಂ ಬಗ್ಗೆ ಸುಪ್ರೀಂ ಕೋರ್ಟ್ 2013ರ ಮೇ ತಿಂಗಳಲ್ಲಿ ತೀರ್ಪು ಕೊಟ್ಟಾಗ ಒಂದು ಮಾತು ಸೇರಿಸಿತ್ತು: ಬಳಸಿದ ಇಂಧನವನ್ನು ರಿಯಾಕ್ಟರಿನ ಪಕ್ಕದ ಕೊಳದಲ್ಲೇ ಬಿಡದೆ, ಬೇರೆಯಾಗಿ ಇಡುವ ವ್ಯವಸ್ಥೆಯನ್ನು ಐದು ವರ್ಷದೊಳಗೆ ಮಾಡಿ. ಐದು ವರ್ಷ ಮುಗಿದಾಗ ಕಟ್ಟಡ ಆಗಿರಲಿಲ್ಲ. 2018ರಲ್ಲಿ ಕೋರ್ಟಿನಿಂದ ಇನ್ನಷ್ಟು ವರ್ಷಗಳ ವಾಯಿದೆ ಪಡೆದರು. ನನ್ನ ಕಣ್ಣಿಗೆ ಇದು ಸಸ್ಪೆನ್ಸ್ ಅಕೌಂಟಿನ ಮೊದಲ ಪುಟದ ಹಾಗೆ ಕಾಣುತ್ತದೆ.

ಪತ್ರದ ಅಂಚಿನಲ್ಲಿ ಆ ಹುಡುಗಿ ಪೆನ್ಸಿಲಿನಲ್ಲಿ ಇನ್ನೊಂದು ಪ್ರಶ್ನೆ ಬರೆದಿದ್ದಾಳೆ: "ಅಣು ಸ್ಥಾವರಕ್ಕೆ ಶಾಲೆಯಿಂದ ಪ್ರವಾಸ ಕರೆದುಕೊಂಡು ಹೋದರೆ ನಾನು ಏನು ಕೇಳಲಿ?" ಕೊಳದಲ್ಲಿ ಎಷ್ಟು ವರ್ಷದ ಇಂಧನ ಕೂತಿದೆ ಎಂದು ಕೇಳು. ಅದು ತುಂಬಿದ ಮೇಲೆ ಎಲ್ಲಿಗೆ ಹೋಗುತ್ತದೆ, ಕರೆಂಟು ಹೋದರೆ ಎಷ್ಟು ದಿನ ತಡೆಯುತ್ತದೆ ಎಂದೂ ಕೇಳು. ಉತ್ತರವನ್ನು ನೋಟ್ ಪುಸ್ತಕದಲ್ಲಿ ತಾರೀಖು ಹಾಕಿ ಬರೆದುಕೋ. ನನಗೂ ಒಂದು ಕಾರ್ಡು ಹಾಕು, ಈ ಪುಟದಲ್ಲೇ ಅಚ್ಚು ಹಾಕಿಸೋಣ.